ಬೀದರ್, ಭಾಲ್ಕಿ, ಔರಾದ್: ತಂಬಾಕು ನಿಯಂತ್ರಣ ಕಾನೂನುಗಳು

ಬೀದರ್ ಜಿಲ್ಲೆಯಲ್ಲಿ ಸಾರ್ವಜನಿಕ ಧೂಮಪಾನವನ್ನೂ ತಂಬಾಕಿನ ಮಾರಾಟವನ್ನೂ ಹಿಡಿತದಲ್ಲಿಡುವ ಮುಖ್ಯ ಕಾನೂನು 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ. ಸರ್ಕಾರಿ ಕಚೇರಿಗಳಲ್ಲಿ ಇದನ್ನು ‘ಕೋಟ್ಪಾ’ ಎಂದೇ ಕರೆಯುತ್ತಾರೆ. ಈ ಕೇಂದ್ರ ಕಾಯ್ದೆಗೆ ಕರ್ನಾಟಕ ರೂಪಿಸಿದ ತಿದ್ದುಪಡಿಯನ್ನು ವಿಧಾನಸಭೆ 2024ರ ಫೆಬ್ರುವರಿಯಲ್ಲಿ ಅಂಗೀಕರಿಸಿತು. 2025ರ ಮೇ 23ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, ಮೇ 30ರಂದು ಅದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಮರುದಿನವೇ ವಿಶ್ವ ತಂಬಾಕು ರಹಿತ ದಿನ.

ತಿದ್ದುಪಡಿಯಿಂದ ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿದೆ. ಶಿಕ್ಷಣ ಸಂಸ್ಥೆಗಳ ಸುತ್ತಲಿನ ನಿಷೇಧಿತ ವಲಯ 100 ಗಜದ ಬದಲು 100 ಮೀಟರ್ ಆಗಿದೆ. ಪ್ಯಾಕು ಒಡೆದು ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವುದರ ಜೊತೆಗೆ ತಂಬಾಕು ಜಗಿದು ಉಗುಳುವುದೂ ಅಪರಾಧವಾಗಿದೆ. ಹಿಂದೆ 200 ರೂಪಾಯಿಗೆ ನಿಂತಿದ್ದ ದಂಡದ ಮಿತಿ ಈಗ 1,000 ರೂಪಾಯಿ. ಹುಕ್ಕಾ ಬಾರ್ ತೆರೆದವರಿಗೆ ಅಥವಾ ನಡೆಸಿದವರಿಗೆ 1ರಿಂದ 3 ವರ್ಷ ಸಜೆ, 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ.

ರಾಜಧಾನಿಯಲ್ಲಿ ಹೆಚ್ಚು ಸದ್ದು ಮಾಡಿದ್ದು ಹುಕ್ಕಾ ಬಾರ್ ನಿಷೇಧ. ಬೀದರ್ ಸೀಮೆಯ ಬದುಕಿಗೆ ನೇರವಾಗಿ ತಟ್ಟುವುದು ಬೇರೆ ಮೂರು ಅಂಶಗಳು: ಉಗುಳು, ಬಿಡಿ ಮಾರಾಟ ಮತ್ತು ವಯಸ್ಸು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ಶೇ. 8.8, ಜಗಿಯುವ, ತಿಕ್ಕುವ, ಬಾಯಲ್ಲಿ ಇಟ್ಟುಕೊಳ್ಳುವವರು ಶೇ. 16.3, ಎಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹೊಗೆಯನ್ನೇ ಹಿಂಬಾಲಿಸಿದ ಕಾನೂನು ಈಗ ಬಾಯೊಳಗಿನ ತಂಬಾಕಿನ ಕಡೆಗೂ ತಿರುಗಿದೆ. ಈ ತಿದ್ದುಪಡಿಯ ದೊಡ್ಡ ಮಹತ್ವ ಇರುವುದು ಇಲ್ಲಿಯೇ.

ಹಿನ್ನೆಲೆ

ಪೋರ್ಚುಗೀಸರ ಮೂಲಕ ಬಂದ ತಂಬಾಕು ಭಾರತದ ಒಳನಾಡಿಗೆ ಹಬ್ಬಿದ್ದು ದಖನ್ನಿನ ದಾರಿಯಲ್ಲಿ. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಲ್ಲಿ ಅದನ್ನು ಕಂಡು, ರತ್ನಖಚಿತ ನಳಿಗೆಯ ಸಮೇತ ಮೊಗಲ್ ಆಸ್ಥಾನಕ್ಕೆ ಒಯ್ದ. ವೈದ್ಯರು ಬೇಡವೆಂದರೂ ಬಾದಶಹ ಒಂದೆರಡು ದಮ್ಮು ಎಳೆದನೆಂದು ಅವನು ಬರೆದಿಟ್ಟಿದ್ದಾನೆ. ಮುಂದೆ 1617ರಲ್ಲಿ ಜಹಾಂಗೀರ್ ತಂಬಾಕು ಸೇದುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. ಈ ನಾಡಿನ ಮೊದಮೊದಲ ತಂಬಾಕು ನಿಷೇಧಗಳಲ್ಲಿ ಒಂದಾದ ಆ ಆಜ್ಞೆ ಹೆಚ್ಚು ಕಾಲ ನಿಲ್ಲಲಿಲ್ಲ.

ಬೀದರಿಗೆ ಈ ಇತಿಹಾಸದಲ್ಲಿ ತನ್ನದೇ ಸ್ಥಾನವಿದೆ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪಾಗಿಸುವ ಬಿದ್ರಿ ಕಲೆಯ ಅತ್ಯುತ್ತಮ ಮಾದರಿಗಳಲ್ಲಿ ಬಹುಪಾಲು ಹುಕ್ಕಾದ ಬುಡಗಳೇ. ಮೊದಲು ದುಂಡಗೆ, ಆಮೇಲೆ ಗಂಟೆಯ ಆಕಾರದಲ್ಲಿ ತಯಾರಾದ ಈ ನೀರಿನ ಪಾತ್ರೆಗಳು ಹೈದರಾಬಾದಿನ ಸಾಲಾರ್ ಜಂಗ್, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಗಳಲ್ಲಿವೆ. ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಬಿದ್ರಿ ಕುಶಲಕರ್ಮಿ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಈಗಿನ ನಿಷೇಧವಿರುವುದು ಹುಕ್ಕಾ ಸೇದಿಸುವ ವ್ಯಾಪಾರಕ್ಕೆ. ಲೋಹದ ಪಾತ್ರೆ ಮಾಡುವ ಕಸುಬಿಗೆ ಅದರಿಂದ ಧಕ್ಕೆಯಿಲ್ಲ. ಬಿದ್ರಿ ಕೆಲಸಗಾರರು ಹೂದಾನಿ, ತಟ್ಟೆ, ಆಭರಣದ ಪೆಟ್ಟಿಗೆಗಳ ಕಡೆ ಹೊರಳಿ ತಲೆಮಾರುಗಳೇ ಕಳೆದಿವೆ.

ಹುಕ್ಕಾ ಮಾಡಿದ ಊರಿನಲ್ಲಿಯೇ ತಂಬಾಕನ್ನು ಮುಟ್ಟದ ಸಂಪ್ರದಾಯವೂ ಬೇರೂರಿತು. ಸಿಖ್ಖರ ಪವಿತ್ರ ಕ್ಷೇತ್ರಗಳಲ್ಲಿ ಒಂದಾದ ನಾನಕ್ ಝೀರಾ ಸಾಹೇಬ್ ಗುರುದ್ವಾರ ಇಲ್ಲಿದೆ. ಗುರು ಗೋವಿಂದ ಸಿಂಗರ ಪಂಚಪ್ಯಾರೆಗಳಲ್ಲಿ (ಅವರಿಂದ ಮೊದಲು ದೀಕ್ಷೆ ಪಡೆದ ಐವರಲ್ಲಿ) ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೆಂದು ಪರಂಪರೆ ಹೇಳುತ್ತದೆ. ದೀಕ್ಷೆ ಪಡೆದ ಸಿಖ್ಖರಿಗೆ ತಂಬಾಕು ಸಂಪೂರ್ಣ ವರ್ಜ್ಯ. ಉತ್ತರ ಕರ್ನಾಟಕದ ಲಿಂಗಾಯತ ಮಠಗಳ ಪೈಕಿ ಇಳಕಲ್ಲಿನ ಮಠದ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ದುಡ್ಡಿನ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ದಂಡ ಹಾಕುವ ಕಾನೂನಿಗೆ ಮೊದಲೇ ಈ ಸೀಮೆಯ ಜನ ‘ಚಟ ಬಿಡಿ’ ಎಂಬ ಮಾತನ್ನು ಕೇಳಿದ್ದರು.

ಆಧುನಿಕ ಕಾನೂನಿನ ಮೊದಲ ಹೆಜ್ಜೆ 1975ರ ಸಿಗರೇಟು ಕಾಯ್ದೆ. ಪ್ಯಾಕಿನ ಮೇಲೆ ಎಚ್ಚರಿಕೆಯ ಒಂದು ಸಾಲು ಬಂದದ್ದು ಅದರಿಂದ. ಮುರಳಿ ದೇವರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಬಸ್ಸು ಮತ್ತು ರೈಲುಗಳಲ್ಲಿ ಧೂಮಪಾನ ಕೂಡದೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ಆದೇಶಿಸಿತು. ಸೇದದ ಮನುಷ್ಯ ಪರರ ಹೊಗೆಯಿಂದ ಸಾಯಬೇಕಾಗಿಲ್ಲ ಎಂಬುದು ಆ ತೀರ್ಪಿನ ತಿರುಳು. 2003ರ ಕಾಯ್ದೆ 2004ರ ಮೇ 1ರಿಂದ ಜಾರಿಗೆ ಬಂತು, ಸಾರ್ವಜನಿಕ ಸ್ಥಳಗಳ ವಿವರವಾದ ನಿಯಮಗಳು 2008ರ ಗಾಂಧಿ ಜಯಂತಿಯಂದು.

ಮೂರು ಪಟ್ಟಣಗಳಲ್ಲಿ ಸಾರ್ವಜನಿಕ ಸ್ಥಳ

ಬೀದರ್ ಜಿಲ್ಲಾ ಕೇಂದ್ರ. ಭಾಲ್ಕಿ ಪುರಸಭೆಯ ಊರು. ಔರಾದ್ ಪಟ್ಟಣ ಪಂಚಾಯಿತಿ. ಭಾಲ್ಕಿ, ಔರಾದ್ ಎರಡೂ ಬೀದರಿನಿಂದ ಸುಮಾರು 40 ಕಿಲೋಮೀಟರ್ ದೂರ. ಬೀದರ್, ಭಾಲ್ಕಿಗಳಿಗೆ ರೈಲಿದೆ, ಔರಾದಿಗೆ ಇಲ್ಲ. ಹಾಗಾಗಿ ಔರಾದಿನ ಜನಸಂದಣಿಯೆಲ್ಲ ಬಸ್ ನಿಲ್ದಾಣ ಮತ್ತು ಸಂತೆಯ ಸುತ್ತ.

ಮೂಲ ಕಾಯ್ದೆ ಬಯಲು ಜಾಗವನ್ನು ಸಾರ್ವಜನಿಕ ಸ್ಥಳದ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ, ಬಯಲು ಸಭಾಂಗಣಗಳಂತಹ ಜನ ಸೇರುವ ತಾಣಗಳನ್ನು ಬಯಲೆಂದು ಬಿಟ್ಟುಬಿಡಲಾಗದು ಎಂದು 2008ರ ನಿಯಮಗಳು ಸ್ಪಷ್ಟಪಡಿಸಿದವು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ನಿಲ್ದಾಣದ ಅಂಗಳದಲ್ಲಿ ಆಕಾಶದ ಕೆಳಗೆ ನಿಂತು ಬೀಡಿ ಹಚ್ಚಿದವರೂ ಕಾನೂನಿನ ವ್ಯಾಪ್ತಿಗೆ ಬರುತ್ತಾರೆ. ರೈಲಿನೊಳಗೆ ಸೇದುವವರಿಗೆ 1989ರ ರೈಲ್ವೆ ಕಾಯ್ದೆಯ 167ನೇ ಕಲಮು ಪ್ರತ್ಯೇಕವಾಗಿದೆ.

ಮೂವತ್ತು ಅಥವಾ ಹೆಚ್ಚು ಕೋಣೆಗಳ ಹೋಟೆಲು, ಮೂವತ್ತು ಅಥವಾ ಹೆಚ್ಚು ಆಸನಗಳ ರೆಸ್ಟೋರೆಂಟು ಮತ್ತು ವಿಮಾನ ನಿಲ್ದಾಣಗಳಲ್ಲಿ ಮಾತ್ರ ಪ್ರತ್ಯೇಕ ಧೂಮಪಾನ ಕೋಣೆಗೆ ಅವಕಾಶವಿದೆ. ಭಾಲ್ಕಿ, ಔರಾದ್‌ಗಳ ಚಹಾದಂಗಡಿಗಳೂ ಸಣ್ಣ ಖಾನಾವಳಿಗಳೂ ಈ ಅಳತೆಗೆ ಬರುವುದಿಲ್ಲ. ಅಲ್ಲಿ ಪೂರ್ಣ ನಿಷೇಧವೇ ಕಾನೂನು. ಪ್ರವೇಶದ್ವಾರದಲ್ಲಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ‘ಧೂಮಪಾನ ನಿಷೇಧಿತ ಪ್ರದೇಶ’ದ ಫಲಕ ಇರಬೇಕು. ಬೂದಿತಟ್ಟೆ, ಬೆಂಕಿಪೆಟ್ಟಿಗೆ, ಲೈಟರ್ ಒದಗಿಸುವಂತಿಲ್ಲ. ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ನಿಯಮವೂ ಇದೆ: ಯಾರೋ ಸೇದುತ್ತಿದ್ದಾರೆಂದು ದೂರು ಕೊಟ್ಟ ಮೇಲೂ ಸ್ಥಳದ ಮಾಲೀಕ ಅಥವಾ ಮೇಲ್ವಿಚಾರಕ ಸುಮ್ಮನಿದ್ದರೆ, ಅಲ್ಲಿ ನಡೆದ ಅಪರಾಧಗಳ ಸಂಖ್ಯೆಗೆ ಸಮನಾದ ದಂಡ ಅವರ ಮೇಲೂ ಬೀಳುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರು, ಆಸ್ಪತ್ರೆಯ ಆಡಳಿತಾಧಿಕಾರಿ, ಅಂಚೆ ಮಾಸ್ತರರು, ರೈಲು ನಿಲ್ದಾಣದ ಮಾಸ್ತರರಿಗೆ ತಮ್ಮ ತಮ್ಮ ಆವರಣದಲ್ಲಿ ದಂಡ ವಸೂಲಿಯ ಅಧಿಕಾರವನ್ನು ಕೇಂದ್ರದ ನಿಯಮಗಳೇ ಕೊಟ್ಟಿವೆ. ಪೊಲೀಸರು ಬರಲೆಂದು ಕಾಯಬೇಕಾಗಿಲ್ಲ. ಈ ಅಧಿಕಾರವನ್ನು ಬಳಸುವವರು ವಿರಳ ಎಂಬುದೇ ವಿಷಾದದ ಮಾತು.

ಜಗಿಯುವ ತಂಬಾಕು

ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿ ತುಟಿಯೊಳಗೆ ಇಡುವ ತಂಬಾಕು, ಎಲೆಯಡಿಕೆಯ ಜೊತೆಗಿನ ಜರ್ದಾ, ಗುಟ್ಕಾ, ಮಹಾರಾಷ್ಟ್ರದ ಕಡೆಯಿಂದ ಬಂದ, ತಂಬಾಕನ್ನು ಸುಟ್ಟು ಪುಡಿಮಾಡಿ ಹಲ್ಲಿಗೆ ಉಜ್ಜುವ ಮಿಸ್ರಿ: ಈ ಗಡಿನಾಡಿನ ಬಳಕೆ ಬಗೆಬಗೆಯದು. ಗಂಡಸರು ಬೀಡಿ ಸೇದುವುದು ಎದುರಿಗೆ ಕಾಣುತ್ತದೆ. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಸೊಂಟದ ಚೀಲದಲ್ಲಿನ ತಂಬಾಕು ಕಾಣುವುದಿಲ್ಲ. 2016–17ರ ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ. 35.2 ಗಂಡಸರೂ ಶೇ. 10.3 ಹೆಂಗಸರೂ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹಸಿವು ಮತ್ತು ಆಯಾಸ ಮರೆಸುತ್ತದೆ, ಹಲ್ಲುನೋವು ಇಳಿಸುತ್ತದೆ ಎಂಬ ನಂಬಿಕೆಯಿಂದ ಶುರುವಾಗುವ ಈ ಅಭ್ಯಾಸವನ್ನು ‘ಧೂಮಪಾನ ನಿಷೇಧ’ದ ಫಲಕ ಎಂದೂ ಮುಟ್ಟಲಿಲ್ಲ.

ಹೊಗೆರಹಿತ ತಂಬಾಕನ್ನೂ, ತಂಬಾಕಿಲ್ಲದ ಬರಿ ಅಡಿಕೆ ಜಗಿಯುವುದನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಬಾಯಿ ಪೂರ್ತಿ ತೆರೆಯಲಾಗದಂತೆ ಕೆನ್ನೆಯ ಒಳಪದರ ಗಡುಸಾಗುತ್ತ ಹೋಗುವ ಕಾಯಿಲೆ ಗುಟ್ಕಾ ತಿನ್ನುವ ಎಳೆಯರಲ್ಲೂ ಕಾಣಿಸುತ್ತದೆ. ಅದು ಕ್ಯಾನ್ಸರಿಗೆ ಮುಂಚಿನ ಹಂತವಾಗಬಲ್ಲದು.

ಕರ್ನಾಟಕ ಸರ್ಕಾರ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಆಹಾರ ಪದಾರ್ಥದಲ್ಲಿ ತಂಬಾಕು ಅಥವಾ ನಿಕೋಟಿನ್ ಇರಕೂಡದೆಂಬ 2011ರ ಆಹಾರ ಸುರಕ್ಷತಾ ನಿಯಮವೇ ಅದಕ್ಕೆ ಆಧಾರ. ಕಂಪನಿಗಳು ಕೂಡಲೇ ಅಡ್ಡದಾರಿ ಹುಡುಕಿದವು: ಒಂದು ಚೀಟಿನಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ಜರ್ದಾ. ಕೊಂಡವನು ಎರಡನ್ನೂ ಹರಿದು ಅಂಗೈಯಲ್ಲೇ ಬೆರೆಸಿಕೊಂಡರೆ ಗುಟ್ಕಾ ಸಿದ್ಧ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ರಾಜ್ಯಗಳಿಗೆ ಸೂಚಿಸಿದರೂ ಜೋಡಿ ಚೀಟುಗಳ ತೋರಣ ಪಾನ್ ಡಬ್ಬಾಗಳ ಮುಂದಿನಿಂದ ಇಳಿಯಲಿಲ್ಲ. ಉತ್ಪಾದಕರನ್ನು ಬಿಟ್ಟು ಮೂಲೆಯಂಗಡಿಯವರನ್ನಷ್ಟೇ ಹಿಡಿದರೆ ಈ ವ್ಯವಹಾರ ನಿಲ್ಲದು.

ಉಗುಳಿನ ವಿಷಯಕ್ಕೆ ಬಂದರೆ, ಸರ್ಕಾರಿ ಕಚೇರಿಯ ಮೆಟ್ಟಿಲ ಮೂಲೆ, ಬಸ್ಸಿನ ಕಿಟಕಿ, ಆಸ್ಪತ್ರೆಯ ಗೋಡೆಗಳ ಕೆಂಪು ಕಲೆಗಳನ್ನು ಈವರೆಗೆ ಬರಿ ಅಸಹ್ಯವೆಂದು ಬಗೆಯಲಾಗಿತ್ತು. ಕ್ಷಯದಂತಹ ಕಾಯಿಲೆ ಇನ್ನೂ ಉಳಿದಿರುವ ನಾಡಿನಲ್ಲಿ ಅದು ಆರೋಗ್ಯದ ಪ್ರಶ್ನೆಯೂ ಹೌದು.

ಮಾರಾಟದ ನಿರ್ಬಂಧಗಳು

ಬಿಡಿ ಸಿಗರೇಟಿನ ನಿಷೇಧದ ಹಿಂದೆ ಸರಳ ಲೆಕ್ಕವಿದೆ. ಹರೆಯದ ಹುಡುಗನಿಗೆ ಇಡೀ ಪ್ಯಾಕು ಕೊಳ್ಳುವಷ್ಟು ದುಡ್ಡಿರುವುದಿಲ್ಲ, ಒಂದಕ್ಕೆ ಇರುತ್ತದೆ. ಬಿಡಿಯಾಗಿ ಕೊಂಡವನ ಕೈಗೆ ಪ್ಯಾಕು ಬಾರದ್ದರಿಂದ ಅದರ ಮೇಲಿನ ಎಚ್ಚರಿಕೆಯ ಚಿತ್ರವೂ ಕಣ್ಣಿಗೆ ಬೀಳುವುದಿಲ್ಲ. ಪ್ಯಾಕಿನ ಮುಖದ ಶೇ. 85 ಭಾಗ ಚಿತ್ರ-ಎಚ್ಚರಿಕೆ ಇರಬೇಕೆಂಬ ನಿಯಮ 2016ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿದಾಗ, ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಒಂದೇ ಸಂತೆಯಲ್ಲಿ ಕೇಳಿಬರುವ ಬೀದರ್ ಜಿಲ್ಲೆಯಲ್ಲಿ ಯಾವ ಲಿಪಿಯ ಬರಹಕ್ಕಿಂತಲೂ ಚಿತ್ರದ ಮಾತೇ ಎಲ್ಲರಿಗೂ ತಲುಪುತ್ತದೆ. ರಾಜ್ಯದ ಆರೋಗ್ಯ ಇಲಾಖೆ 2017ರಲ್ಲೇ ಬಿಡಿ ಮಾರಾಟಕ್ಕೆ ತಡೆ ಹಾಕಿ ಸುತ್ತೋಲೆ ಹೊರಡಿಸಿತ್ತು. ಈಗ ಅದಕ್ಕೆ ಕಾಯ್ದೆಯ ಬಲ ಬಂದಿದೆ.

ವಯೋಮಿತಿಯನ್ನು 21ಕ್ಕೆ ಏರಿಸಿದ್ದರಿಂದ ಪಿಯು ಮುಗಿಸಿ ಪದವಿ ಕಾಲೇಜಿಗೆ ಸೇರಿದವರೂ ರಕ್ಷಣೆಯೊಳಗೆ ಬಂದರು. ಬೀದರಿನಲ್ಲಿ ವೈದ್ಯಕೀಯ ಕಾಲೇಜು, ಪಶುವೈದ್ಯಕೀಯ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜು ಇವೆ. ನೀಟ್ ಪರೀಕ್ಷೆಯ ತಯಾರಿಗೆ ಹೊರರಾಜ್ಯಗಳಿಂದಲೂ ಮಕ್ಕಳು ಬಂದು ಹಾಸ್ಟೆಲುಗಳಲ್ಲಿ ನಿಲ್ಲುವ ಊರು ಇದು. ಮನೆಯಿಂದ ದೂರ, ಪರೀಕ್ಷೆಯ ಒತ್ತಡ, ಜೊತೆಗಾರರ ಒತ್ತಾಯ ಒಂದೆಡೆ ಸೇರುವ ಈ ವಯಸ್ಸಿನಲ್ಲಿ ಮೊದಲ ಸಿಗರೇಟು ಸುಲಭವಾಗಿ ಸಿಗದಿರುವುದೇ ದೊಡ್ಡ ಉಪಕಾರ. ಶಾಲಾಮಕ್ಕಳ ಸ್ಥಿತಿ ಇಷ್ಟು ಕೆಟ್ಟಿಲ್ಲ: 2019ರ ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ. 8.5 ಇದ್ದರೆ ಕರ್ನಾಟಕದಲ್ಲಿ ಶೇ. 1.2 ಮಾತ್ರ. ಚಟ ಹತ್ತುವುದು ಆಮೇಲಿನ ವರ್ಷಗಳಲ್ಲಿ ಎಂಬುದಕ್ಕೆ ವಯಸ್ಕರ ಅಂಕಿಗಳೇ ಸಾಕ್ಷಿ.

ನೂರು ಮೀಟರನ್ನು ಅಳೆಯುವುದು ಶಾಲೆಯ ಕಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ ವೃತ್ತಾಕಾರವಾಗಿ. ಗೇಟಿನಿಂದ ಹಾದಿ ಹಿಡಿದು ಅಲ್ಲ. ಸಣ್ಣ ಪಟ್ಟಣದಲ್ಲಿ ನಾಲ್ಕಾರು ಶಾಲೆಗಳ ವೃತ್ತಗಳನ್ನು ನಕ್ಷೆಯ ಮೇಲೆ ಎಳೆದರೆ ಪೇಟೆಯ ಬಹುಭಾಗ ಒಳಗೇ ಬರುತ್ತದೆ. ಪಾನ್ ಡಬ್ಬಾ ನಂಬಿದ ಕುಟುಂಬಕ್ಕೆ ಇದು ಅನ್ನದ ಪ್ರಶ್ನೆ ಎಂಬುದನ್ನು ಮರೆಯಲಾಗದು. ತಂಬಾಕಿಗೆ ಪ್ರತ್ಯೇಕ ಪರವಾನಗಿ ಕೊಡಬೇಕು, ಪರವಾನಗಿ ಪಡೆದ ಅಂಗಡಿಯಲ್ಲಿ ಮಕ್ಕಳನ್ನು ಸೆಳೆಯುವ ಚಾಕಲೇಟು, ಬಿಸ್ಕತ್ತು, ಚಿಪ್ಸ್ ಇರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ಸಲಹೆ ಮಾಡಿತ್ತು. ಎಲ್ಲಿ ಮಾರಬಹುದು, ಎಲ್ಲಿ ಕೂಡದು ಎಂಬುದು ವ್ಯಾಪಾರಿಗೆ ಮೊದಲೇ ತಿಳಿಯುವಂತಾದರೆ ದಾಳಿಯ ಭಯವೂ ಲಂಚದ ದಾರಿಯೂ ಕಡಿಮೆಯಾಗುತ್ತವೆ.

18 ತುಂಬದ ಮಗುವಿಗೆ ತಂಬಾಕು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆ 2015ರ 77ನೇ ಕಲಮಿನಡಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಸಾವಿರ ರೂಪಾಯಿಯ ದಂಡವಷ್ಟೇ ಇದೆ ಎಂದುಕೊಂಡಿರುವ ಅಂಗಡಿಯವರಿಗೂ, ಮಗನ ಕೈಗೆ ದುಡ್ಡು ಕೊಟ್ಟು ಬೀಡಿ ತರಿಸುವ ಅಪ್ಪಂದಿರಿಗೂ ಇದು ಗೊತ್ತಿರಬೇಕು.

ಗಡಿಯ ಪ್ರಶ್ನೆ

ಬೀದರ್ ಜಿಲ್ಲೆಯ ಪೂರ್ವಕ್ಕೆ ತೆಲಂಗಾಣ, ಪಶ್ಚಿಮ ಮತ್ತು ಉತ್ತರಕ್ಕೆ ಮಹಾರಾಷ್ಟ್ರ. ಭಾಲ್ಕಿಯಿಂದ ರೈಲು ಹತ್ತಿದರೆ ಕಮಲನಗರ ದಾಟಿ ಉದಗೀರ. ಔರಾದಿನವರಿಗೆ ದೇಗಲೂರು, ನಾರಾಯಣಖೇಡಗಳೂ ಪೇಟೆಯೇ. ಹೈದರಾಬಾದ್–ಸೋಲಾಪುರ ಹೆದ್ದಾರಿ ಹುಮನಾಬಾದಿನ ಮೇಲೆ ಹಾಯುತ್ತದೆ. ಸರಕು ಸಾಗಣೆಗೆ ಗಡಿಗಳು ಅಡ್ಡಿಯೇ ಅಲ್ಲ.

ಮಹಾರಾಷ್ಟ್ರ 2012ರಲ್ಲೇ ಗುಟ್ಕಾ ನಿಷೇಧಿಸಿತು. 2018ರಲ್ಲಿ ಹುಕ್ಕಾ ಪಾರ್ಲರುಗಳನ್ನೂ, 2020ರಲ್ಲಿ ಬಿಡಿ ಸಿಗರೇಟು, ಬೀಡಿಗಳನ್ನೂ ನಿಷೇಧಿಸಿತು. ತೆಲಂಗಾಣ 2024ರ ಫೆಬ್ರುವರಿಯಲ್ಲಿ ಹುಕ್ಕಾ ಪಾರ್ಲರು ಮುಚ್ಚುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕವೂ ಅದೇ ತಿಂಗಳ 7ರಂದು ಹುಕ್ಕಾ ನಿಷೇಧದ ಅಧಿಸೂಚನೆ ಹೊರಡಿಸಿತು, ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹುಕ್ಕಾ ನಿಷೇಧ ಹೀಗೆ ಮೂರೂ ಕಡೆ ಇದೆ. ಆದರೆ ಕೇಂದ್ರ ಕಾಯ್ದೆಯ ವಯೋಮಿತಿ ಇನ್ನೂ 18. ತಿದ್ದುಪಡಿ ಮಾಡದ ರಾಜ್ಯದ ಅಂಗಡಿಯಲ್ಲಿ, ಔರಾದಿನಲ್ಲಿ ಸಿಗರೇಟು ಸಿಗದ 19ರ ಹುಡುಗ ಅದನ್ನು ಕಾನೂನುಬದ್ಧವಾಗಿಯೇ ಕೊಳ್ಳಬಹುದು. ವಯೋಮಿತಿ ದೇಶಕ್ಕೆಲ್ಲ ಒಂದೇ ಆಗುವವರೆಗೆ ಗಡಿ ತಾಲ್ಲೂಕುಗಳಲ್ಲಿ ಈ ಕಂಡಿ ಉಳಿದೇ ಇರುತ್ತದೆ. ಸರಕಿಗೆ ಗಡಿ ಅಡ್ಡಿಯಲ್ಲದ ಕಾರಣ ಬೀದರ್, ಲಾತೂರು, ನಾಂದೇಡ, ಸಂಗಾರೆಡ್ಡಿ ಜಿಲ್ಲಾಡಳಿತಗಳು ಚುನಾವಣೆಯ ಹೊತ್ತಿನಲ್ಲಿ ಕೂಡಿ ಕೆಲಸ ಮಾಡುವಂತೆ ಗುಟ್ಕಾ ಸಾಗಣೆಯ ವಿಷಯದಲ್ಲೂ ಕೂಡಿ ಕೆಲಸ ಮಾಡಬೇಕು. ವಯೋಮಿತಿಯ ವಿಷಯದಲ್ಲಿ ಹೊರಗಿನ ಜಗತ್ತು ಇನ್ನೂ ಮುಂದೆ ಹೋಗಿದೆ: ಮಾಲ್ಡೀವ್ಸ್ 2025ರ ನವೆಂಬರ್ 1ರಿಂದ, 2007ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದ ಯಾರಿಗೂ ಎಂದೆಂದಿಗೂ ತಂಬಾಕು ಮಾರದಂತೆ ನಿಷೇಧಿಸಿದೆ.

ಬೀದರ್ ತಂಬಾಕು ಬೆಳೆಯುವ ಜಿಲ್ಲೆಯಲ್ಲ. ಕರ್ನಾಟಕದ ತಂಬಾಕು ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿಗಳದ್ದು. ಬೀಡಿ ಕಟ್ಟುವ ಹೆಣ್ಣುಮಕ್ಕಳು ಮಂಗಳೂರು ಕಡೆ ಮತ್ತು ಪಕ್ಕದ ನಿಜಾಮಾಬಾದ್, ಕಾಮಾರೆಡ್ಡಿಗಳಲ್ಲಿದ್ದಾರೆ. ಇಲ್ಲಿನ ಎರೆಹೊಲದ ಬೆಳೆ ತೊಗರಿ, ಹೆಸರು, ಉದ್ದು, ಸೋಯಾ, ಕಬ್ಬು. ಆದ್ದರಿಂದ ಬೆಳೆಗಾರರ ಹಿತವೆಂಬ ವಾದ ಈ ಜಿಲ್ಲೆಗೆ ಅನ್ವಯಿಸದು. ಈ ಜಿಲ್ಲೆಯ ಪಾಲಿಗೆ ಬರುವುದು ದುಡ್ಡಿನ ಖರ್ಚು ಮತ್ತು ಕಾಯಿಲೆ.

ಜಾರಿ ಮತ್ತು ಚಿಕಿತ್ಸೆ

ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ 2007–08ರಲ್ಲಿ ಶುರುವಾಯಿತು. ಅದರ ಅಡಿಯ ಜಿಲ್ಲಾ ಘಟಕ ಪೊಲೀಸ್, ಶಿಕ್ಷಣ, ಸ್ಥಳೀಯ ಸಂಸ್ಥೆ, ಆಹಾರ ಸುರಕ್ಷತಾ ಇಲಾಖೆಗಳನ್ನು ಜೊತೆಗೂಡಿಸಿ ತನಿಖೆ ನಡೆಸುತ್ತದೆ. ರಾಜ್ಯದಲ್ಲಿ ತಂಬಾಕು ಬಳಸುವ ವಯಸ್ಕರ ಪ್ರಮಾಣ 2009–10ರ ಶೇ. 28.2ರಿಂದ 2016–17ಕ್ಕೆ ಶೇ. 22.8ಕ್ಕೆ ಇಳಿದದ್ದು, ಇಂತಹ ಕಾನೂನು ವ್ಯರ್ಥ ಎನ್ನುವವರಿಗೆ ಉತ್ತರ. ಆದರೆ ತನಿಖೆ ಮೇ 31ರ ಆಸುಪಾಸಿನಲ್ಲಿ ಚುರುಕಾಗಿ ಮತ್ತೆ ತಣ್ಣಗಾದರೆ ಪ್ರಯೋಜನವಿಲ್ಲ. ದಂಡದ ಭಾರ ಕೂಡ ಸೇದುವ ಬಡ ಕೂಲಿಯವನಿಗಿಂತ ಮೊದಲು ಸಗಟು ವ್ಯಾಪಾರಿಯ ಮೇಲೆ, ಶಾಲೆಯ ಪಕ್ಕ ಮಾರುವವನ ಮೇಲೆ ಬೀಳಬೇಕು.

ಬಾಯಿ ಕ್ಯಾನ್ಸರ್ ಬಂದವರಿಗೆ ಈ ಜಿಲ್ಲೆಯಿಂದ ದಾರಿ ದೂರ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಹೈದರಾಬಾದಿನ ಎಂಎನ್‌ಜೆ ಸಂಸ್ಥೆಯೂ ಸೋಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆಯೂ ಹೊರರಾಜ್ಯದಲ್ಲಿವೆ. ಬೆಂಗಳೂರು ಸುಮಾರು 700 ಕಿಲೋಮೀಟರ್. ಅಷ್ಟು ದೂರ ಹೋಗುವ ಮೊದಲೇ ಬಾಯಲ್ಲಿ ಎರಡು ವಾರ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಕಂಡವರು ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಬೇಕು. ತಂಬಾಕು ಬಿಡಲು ಬಯಸುವವರು ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ದಕ್ಷಿಣ ಭಾರತದ ಕೇಂದ್ರವಿದ್ದು, ಅಲ್ಲಿನ ಆಪ್ತಸಮಾಲೋಚಕರು ಕನ್ನಡದಲ್ಲಿಯೇ ಮಾತನಾಡುತ್ತಾರೆ.